ಚಿನ್ನದ ಗಣಿಯಲ್ಲಿ ಸಿಕ್ಕ ಕಣ



ಮಳವಳ್ಳಿ ಕಡೆಯವರಿಗೆ ಬ್ಲಫ್ ಎಂದರೆ ಸಾಕು, ಶಿವನಸಮುದ್ರದ ವಿದ್ಯುದಾಗಾರ ಎಂದು ಬಿಡಿಸಿ ಹೇಳಬೇಕಿಲ್ಲ. 1902ರ ಜೂನ್ ಕೊನೆಯಲ್ಲಿ ಅಲ್ಲಿನ ಕರೆಂಟು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಕೋಲಾರದ ಚಿನ್ನದ ಗಣಿಗೆ ಒಯ್ದರು. ಉಗಿಯಲ್ಲಿ ನಡೆಯುತ್ತಿದ್ದ ಗಣಿಯ ಯಂತ್ರಗಳು ಕಾವೇರಿಯ ಬಲದಲ್ಲಿ ತಿರುಗತೊಡಗಿದವು. ಗಣಿ ಇಳಿಯುತ್ತಲೇ ಹೋಯಿತು, ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ. ಅಲ್ಲಿ ಚಿನ್ನವಲ್ಲದೆ ಇನ್ನೊಂದು ಸಿಕ್ಕಿತು. ಅದರ ಹೆಸರು ನ್ಯೂಟ್ರಿನೋ.

ವಿದ್ಯುದಂಶವಿಲ್ಲದ, ತೂಕ ಇದ್ದೂ ಇಲ್ಲದಂತಿರುವ ಕಣ ಅದು. ಸೂರ್ಯನಿಂದ ಹೊರಟವು ನಿಮ್ಮ ಹೆಬ್ಬೆರಳ ಉಗುರನ್ನು ಸೆಕೆಂಡಿಗೆ ಸುಮಾರು 6,000 ಕೋಟಿಯಷ್ಟು ಹಾಯ್ದು ಹೋಗುತ್ತಿವೆ. ಇಂಥದ್ದೊಂದು ಇರಬೇಕೆಂದು 1930ರಲ್ಲಿ ಭೌತವಿಜ್ಞಾನಿ ಪೌಲಿ ಊಹಿಸಿದರು. 1956ರಲ್ಲಿ ರೈನ್ಸ್ ಮತ್ತು ಕೋವನ್ ಅಮೆರಿಕದ ಅಣುಸ್ಥಾವರವೊಂದರ ಬಳಿ ಅದನ್ನು ಪತ್ತೆಮಾಡಿದರು. ಪ್ರಕೃತಿಯಲ್ಲೇ ಹುಟ್ಟಿದ್ದನ್ನು ಹಿಡಿಯುವ ಕೆಲಸ ಇನ್ನೂ ಬಾಕಿಯಿತ್ತು.

ನೆಲದ ಮೇಲೆ ಅದು ಕಷ್ಟ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಕಣಗಳ ಗದ್ದಲದಲ್ಲಿ ನ್ಯೂಟ್ರಿನೋದ ಗುರುತು ಕಳೆದುಹೋಗುತ್ತದೆ. ಬಂಡೆಯೊಳಗೆ ಇಳಿದಷ್ಟೂ ಗದ್ದಲ ತಗ್ಗುತ್ತದೆ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಕೋಲಾರದ ಗಣಿಗೆ ಇಳಿದರು. ಅವರು ಹುಟ್ಟಿದ್ದು ನಮ್ಮ ನಂಜನಗೂಡಿನಲ್ಲಿ. ಮುಂದೆ 1960ರ ದಶಕದ ಮೊದಲಲ್ಲಿ, ಗಣಿಯ ಇನ್ನೂ ಆಳದ ಒಂದು ಮಟ್ಟದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಬೇರೆ ಪ್ರಯೋಗವಾಗಿದ್ದರೆ ಇದನ್ನು ಸೋಲು ಎನ್ನುತ್ತಿದ್ದರು. ಇಲ್ಲಿ ಇದೇ ದೊಡ್ಡ ಸಂಗತಿ: ನ್ಯೂಟ್ರಿನೋಗೆ ಕಾದು ಕೂರಲು ತಕ್ಕಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿತ್ತು.

ಅದೇ ಟಾಟಾ ಸಂಸ್ಥೆಯ ಎಂ. ಜಿ. ಕೆ. ಮೆನನ್ ಅವರ ತಂಡ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ನಿಲ್ಲಿಸಿತು. ಮೇಲಿನಿಂದ ಬರುವ ಮ್ಯೂಆನ್ ಅಷ್ಟು ಬಂಡೆ ದಾಟುವುದೇ ಅಪರೂಪ. ಅಡ್ಡಡ್ಡಲಾಗಿ ಬಂದರಂತೂ ಅದು ಸುತ್ತಲ ಬಂಡೆಯಲ್ಲಿ ನ್ಯೂಟ್ರಿನೋ ಡಿಕ್ಕಿಯಿಂದಲೇ ಹುಟ್ಟಿರಬೇಕು. ಅಂಥ ಗುರುತುಗಳು ಸಿಕ್ಕವು. 1965ರ ಆಗಸ್ಟ್ 15ರಂದು ವರದಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದ ರೈನ್ಸ್ ತಂಡದ ವರದಿ ಬಂದದ್ದು ಅದೇ ತಿಂಗಳ ಕೊನೆಗೆ. ವಿಶ್ವಕಿರಣಗಳ ಬಡಿತದಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋವನ್ನು ಜಗತ್ತು ಮೊದಲು ಕಂಡದ್ದು ಈ ಎರಡು ಗಣಿಗಳಲ್ಲಿ.

ಆಮೇಲೆ ಇನ್ನೂ ದೂರದಿಂದ ಬಂದವೂ ಸಿಕ್ಕವು. 1987ರ ಫೆಬ್ರವರಿ 23ರಂದು, 1.68 ಲಕ್ಷ ಬೆಳಕಿನ ವರ್ಷ ದೂರದಲ್ಲಿ ಸಿಡಿದ ನಕ್ಷತ್ರದಿಂದ ಹೊರಟ ನ್ಯೂಟ್ರಿನೋಗಳು ಜಪಾನ್, ಅಮೆರಿಕ, ರಷ್ಯಾಗಳ ಉಪಕರಣಗಳಲ್ಲಿ ಕಂಡವು. ಎಲ್ಲ ಸೇರಿ ಸುಮಾರು 25. ಸೌರಮಂಡಲದ ಆಚೆಯ ನ್ಯೂಟ್ರಿನೋ ಕಂಡದ್ದು ಅದೇ ಮೊದಲು.

ದೂರದ ನ್ಯೂಟ್ರಿನೋಗಳ ಹುಡುಕಾಟಕ್ಕೆ ಇನ್ನೊಂದು ಅವಕಾಶ ಬಂದದ್ದು 2017ರ ಆಗಸ್ಟ್ 17ರಂದು. ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷ. 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಎದ್ದ ಗುರುತ್ವ ಅಲೆ, ಎಂದರೆ ದೇಶ-ಕಾಲದ ನಡುಕ, ಭೂಮಿಗೆ ಬಂತು. ನ್ಯೂಟ್ರಾನ್ ನಕ್ಷತ್ರದ ಅಡ್ಡಳತೆ ಮಂಡ್ಯದಿಂದ ಮದ್ದೂರಿಗೆ ಇರುವಷ್ಟು, ಸುಮಾರು 20 ಕಿಲೋಮೀಟರ್. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಇಂಥ ಡಿಕ್ಕಿಯಲ್ಲಿ ಚಿನ್ನ, ಪ್ಲಾಟಿನಂನಂಥ ಭಾರಲೋಹಗಳು ಹುಟ್ಟುತ್ತವೆ. ಕೋಲಾರದ ಬಂಡೆಯೊಳಗಿನ ಚಿನ್ನವೂ ಇಂಥ ಯಾವುದೋ ಹಳೆಯ ಡಿಕ್ಕಿಯಿಂದ ಬಂದಿರಬಹುದು ಎಂಬ ಯೋಚನೆ ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಅಲೆ ಬಂದು 1.7 ಸೆಕೆಂಡಿಗೆ ಗಾಮಾ ಕಿರಣ ಬಂತು. ಅದೇ ಹೊತ್ತಿನ ನ್ಯೂಟ್ರಿನೋಗಳಿಗಾಗಿ ದಕ್ಷಿಣ ಧ್ರುವದ ಐಸ್‌ಕ್ಯೂಬ್, ಮೆಡಿಟರೇನಿಯನ್ ಸಮುದ್ರದಡಿಯ ಆಂಟಾರೆಸ್, ಅರ್ಜೆಂಟೀನಾದ ಪಿಯರ್ ಆಗರ್ ವೀಕ್ಷಣಾಲಯಗಳು ತಮ್ಮ ದಾಖಲೆ ಜಾಲಾಡಿದವು. ಡಿಕ್ಕಿಯ ಹಿಂದುಮುಂದಿನ 500 ಸೆಕೆಂಡು, ಆಮೇಲಿನ 14 ದಿನ. ಆ ಡಿಕ್ಕಿಯದೆನ್ನಬಹುದಾದ ಒಂದೂ ಸಿಗಲಿಲ್ಲ. ಹೆಚ್ಚು ಶಕ್ತಿಯ ನ್ಯೂಟ್ರಿನೋ ಹೊರಡುವುದು ಡಿಕ್ಕಿಯಿಂದ ಚಿಮ್ಮುವ ಕಿರಿದಾದ ಧಾರೆಯಲ್ಲಿ; ಆ ಧಾರೆ ನೇರ ನಮ್ಮತ್ತ ಇರಲಿಲ್ಲ. ಬಿಸಿಯಿಂದ ಹೊಮ್ಮುವ ಕಡಿಮೆ ಶಕ್ತಿಯವೋ ಅಪಾರ. ಆದರೆ 1987ರ ನಕ್ಷತ್ರಕ್ಕಿಂತ ಇದು ಸುಮಾರು 770 ಪಟ್ಟು ದೂರ, ಎಂದರೆ ಅಷ್ಟೇ ನ್ಯೂಟ್ರಿನೋ ಹೊರಟರೂ ನಮಗೆ ತಲುಪುವುದು ಸುಮಾರು 6 ಲಕ್ಷದಲ್ಲೊಂದು ಪಾಲು. ಸಿಗದಿದ್ದುದಕ್ಕೂ ಬೆಲೆಯಿದೆ: ಧಾರೆಯ ದಿಕ್ಕಿನ ಬಗ್ಗೆ ಇದ್ದ ಅಂದಾಜಿಗೆ ಅದು ಹೊಂದಿಕೊಂಡಿತು.

ಇತ್ತ ಕೋಲಾರದ ಭೂಗತ ಪ್ರಯೋಗಾಲಯ 1990ರ ದಶಕದಲ್ಲೇ ಕೆಲಸ ನಿಲ್ಲಿಸಿತ್ತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ತಮಿಳುನಾಡಿನ ತೇಣಿ ಬಳಿಯ ನ್ಯೂಟ್ರಿನೋ ವೀಕ್ಷಣಾಲಯದ ಯೋಜನೆ ಸ್ಥಳೀಯರ ವಿರೋಧ, ಕೋರ್ಟು ಕಟ್ಟಳೆಗಳ ನಡುವೆ ಮುಂದೆ ಸಾಗಲಿಲ್ಲ. ಕಾಡಿನ ಬಗ್ಗೆ ಅಲ್ಲಿನ ಜನರ ಆತಂಕ ಸಣ್ಣದಲ್ಲ. ಆದರೂ 1965ರಲ್ಲಿ ಜಗತ್ತಿಗಿಂತ ಮುಂದಿದ್ದ ನಾವು ಆ ಸ್ಥಾನ ಬಿಟ್ಟುಕೊಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ತೀರ್ಮಾನ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವ ಮಕ್ಕಳೇ, ಗುರುತ್ವ ಅಲೆ ಬಂದಾಗ, ಐಸ್‌ಕ್ಯೂಬ್‌ಗೆ ವಿಶೇಷ ನ್ಯೂಟ್ರಿನೋ ಸಿಕ್ಕಾಗ ಹೊರಡುವ ಸೂಚನೆಗಳು ಇಂದು ಎಲ್ಲರಿಗೂ ಮುಕ್ತ. ಮೊಬೈಲಿನಲ್ಲೇ ಸಿಗುತ್ತವೆ. ದಯವಿಟ್ಟು ನೋಡಲು ಶುರುಮಾಡಿ, ನಿಮ್ಮ ಮೇಷ್ಟ್ರನ್ನೂ ಕೂರಿಸಿಕೊಳ್ಳಿ.