ಒಮ್ಮತಕ್ಕೆ ಬರುವ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಶಾಲೆಯಲ್ಲಿ ಕಲಿಸುವುದು ಉರ್ದು ಮತ್ತು ಕನ್ನಡ. ಆದರೂ ಇಂದು ಗಣಿತದ ಒಂದು ವಿಷಯವನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ. ಅದಕ್ಕೆ ಕಾರಣವಿದೆ. ಕಾರವಾರ, ಅಂಕೋಲಾ ಕಡೆಯ ನಮ್ಮಂಥ ಸಂಘಗಳಲ್ಲಿ ಮಶ್ವರಾ ನಡೆಯುವುದು ಹೆಚ್ಚಾಗಿ ನಾಳೆ ಏನಾಗುತ್ತದೆಂದು ಯಾರಿಗೂ ತಿಳಿಯದ ವಿಷಯಗಳ ಮೇಲೆಯೇ. ಜೂನ್ ತಿಂಗಳಲ್ಲಿ ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಎಂದು ಹೇಳಬೇಕು. ವಂತಿಗೆ ಮಾತ್ರ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ. ಅನಂತರ ಬಂಗಡೆ ಎಷ್ಟು ಸಿಗುತ್ತದೆ, ಗಲ್ಫ್‌ನಲ್ಲಿರುವ ನಮ್ಮವರ ಕೆಲಸ ಹೇಗಿರುತ್ತದೆ ಎಂಬುದನ್ನು ಯಾರು ಹೇಳಬಲ್ಲರು? ಇಂಥ ಸ್ಥಿತಿಯಲ್ಲಿ ಹತ್ತು ಜನ ಕೂಡಿ ಒಂದು ಅಂಕಿಗೆ ಒಪ್ಪುವುದು ಹೇಗೆ? ಬರಿಯ ಜೋರುದನಿಯಿಂದಲ್ಲದೆ ಲೆಕ್ಕದಿಂದ ಒಪ್ಪಲು ದಾರಿಯಿದೆಯೇ?

ಮೊದಲು ಒಂದು ಹಳೆಯ ಸಂಗತಿ. ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತನ್ನು ತೋರಿಸಿ, ಅದನ್ನು ಕೊಯ್ದರೆ ಸಿಗುವ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆ ನಡೆಯಿತು. ಒಬ್ಬೊಬ್ಬರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ 787 ಚೀಟಿಗಳನ್ನು ಪಡೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವಿನ ಅಂಕಿಯನ್ನು ನೋಡಿದ. 1907ರಲ್ಲಿ ಆತ ಪ್ರಕಟಿಸಿದಂತೆ ಅದು 1207 ಪೌಂಡ್. ನಿಜವಾದ ತೂಕ 1198 ಪೌಂಡ್. ಶೇಕಡಾ ಒಂದರಷ್ಟೂ ವ್ಯತ್ಯಾಸವಿಲ್ಲ! ಈ ನಡುವಿನ ಅಂಕಿಯನ್ನೇ ನಮ್ಮ ಹೈಸ್ಕೂಲಿನ ಮಕ್ಕಳು ಮಧ್ಯಾಂಕ ಎಂದು ಕಲಿಯುತ್ತಾರೆ.

ಸರಾಸರಿಯನ್ನು ಬಿಟ್ಟು ಮಧ್ಯಾಂಕವೇ ಏಕೆ? ಐದು ಜನರ ಸಮಿತಿ ಈ ವರ್ಷದ ವಂತಿಗೆಯನ್ನು ಅಂದಾಜು ಮಾಡಿತು ಎಂದುಕೊಳ್ಳೋಣ. ಅವರು ಹೇಳಿದ್ದು 60, 70, 75, 80 ಮತ್ತು 215 ಸಾವಿರ. ಸರಾಸರಿ ತೆಗೆದರೆ ಒಂದು ಲಕ್ಷ ಬರುತ್ತದೆ. ಆದರೆ ಐವರಲ್ಲಿ ನಾಲ್ವರು 80 ಸಾವಿರ ದಾಟುತ್ತದೆ ಎಂದೇ ಹೇಳಿಲ್ಲ! ಒಬ್ಬರ ಉತ್ಸಾಹ ಎಲ್ಲರ ತೀರ್ಮಾನವನ್ನು ಎಳೆದೊಯ್ದಿತು. ಮಧ್ಯಾಂಕ 75 ಸಾವಿರ. ಆ ಒಬ್ಬರು 215ರ ಬದಲು 500 ಎಂದರೂ ಅದು ಅಲುಗುವುದಿಲ್ಲ. ಎಲ್ಲರ ಅಭಿಪ್ರಾಯಗಳಿಂದ ಇರುವ ದೂರಗಳನ್ನು ಕೂಡಿಸಿದರೆ ಅತಿ ಕಡಿಮೆ ಮೊತ್ತ ಬರುವುದು ಮಧ್ಯಾಂಕದಲ್ಲೇ. ಹೀಗೆ ಎಲ್ಲೆಲ್ಲಿ ಮೊತ್ತ ಕನಿಷ್ಠವಾಗುತ್ತದೆ ಎಂದು ಹುಡುಕುವುದಕ್ಕೆ ಗಣಿತದಲ್ಲಿ ದೊಡ್ಡದೊಂದು ಶಾಖೆಯೇ ಇದೆ.

ಆದರೆ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಎಷ್ಟು ಬರಬಹುದು ಎಂಬುದು ಒಂದು ಪ್ರಶ್ನೆ. ಎಷ್ಟಕ್ಕೆ ಮಾತು ಕೊಡಬೇಕು ಎಂಬುದು ಬೇರೆ ಪ್ರಶ್ನೆ. ಇದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆಗಳಿವೆ. ನದಿಯಲ್ಲಿ ಮುಂದಿನ ವರ್ಷ ಎಷ್ಟು ನೀರು ಹರಿಯುತ್ತದೆಂದು ಯಾರಿಗೂ ತಿಳಿಯದು. ಆದರೂ ರಾಜ್ಯಗಳು ಹಂಚಿಕೊಳ್ಳಲೇಬೇಕು. 1969ರಲ್ಲಿ ರಚನೆಯಾದ ಕೃಷ್ಣಾ ನ್ಯಾಯಮಂಡಳಿ, ಅಂದರೆ ಬಚಾವತ್ ಆಯೋಗ, 78 ವರ್ಷಗಳ ಹರಿವಿನ ಲೆಕ್ಕ ನೋಡಿ ಶೇ. 75ರ ಅವಲಂಬನೆಯನ್ನು ಹಿಡಿಯಿತು. ನೂರು ವರ್ಷಗಳಲ್ಲಿ 75 ವರ್ಷವಾದರೂ ಸಿಗುವಷ್ಟು ನೀರನ್ನೇ ಹಂಚುವುದು ಎಂದು ಇದರ ಅರ್ಥ. ಅದು 2060 ಟಿ.ಎಂ.ಸಿ. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಶೇ. 50ರ ಅವಲಂಬನೆ ಹಿಡಿದು 740 ಟಿ.ಎಂ.ಸಿ. ಎಂದಿತು. ಅದರಲ್ಲಿ ಕರ್ನಾಟಕದ ಪಾಲು 270 ಇದ್ದುದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು 284.75ಕ್ಕೆ ಏರಿಸಿತು; ತಮಿಳುನಾಡಿನ ಪಾಲು 419ರಿಂದ 404.25ಕ್ಕೆ ಇಳಿಯಿತು. 740 ಎಂಬ ಒಟ್ಟು ಅಂಕಿ ಹಾಗೆಯೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು ಎಂದೂ ನ್ಯಾಯಮಂಡಳಿ ಹೇಳಿತ್ತು.

75 ಮತ್ತು 50 ಎಂಬ ಈ ಅಂಕಿಗಳ ಒಳಗೆ ಏನಿದೆ? ಗಣಿತದ ಕಣ್ಣಿನಿಂದ ನೋಡಿದರೆ ಇವು ನೋವಿನ ತೂಕಗಳು. ಕೊರತೆಯ ಒಂದು ರೂಪಾಯಿಯೂ ಉಳಿಕೆಯ ಒಂದು ರೂಪಾಯಿಯೂ ಸಮಾನವೆಂದು ತಿಳಿದರೆ ಉತ್ತರ ಶೇ. 50, ಅಂದರೆ ಮಧ್ಯಾಂಕ. ಕೊರತೆ ಮೂರು ಪಟ್ಟು ಹೆಚ್ಚು ಕೆಟ್ಟದ್ದು ಎಂದರೆ ಉತ್ತರ ಶೇ. 75ರ ಅವಲಂಬನೆ.

ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ತರೋಣ. ಒಂದು ಸಂಘಕ್ಕೆ ಹಿಂದಿನ ಎಂಟು ವರ್ಷಗಳಲ್ಲಿ ಬಂದ ವಂತಿಗೆ, ಏರಿಕೆಯ ಕ್ರಮದಲ್ಲಿ, 50, 55, 60, 70, 75, 80, 90, 120 ಸಾವಿರ ಎಂದು ಇಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿಗೆ ಮೂರು ಸಾವಿರ. 75 ಸಾವಿರಕ್ಕೆ ಮಾತು ಕೊಟ್ಟರೆ 25 ಮಕ್ಕಳ ಹೆಸರು ಪಟ್ಟಿಗೆ ಸೇರುತ್ತದೆ, ಎಲ್ಲರಿಗೂ ಸಂತೋಷ. ಆದರೆ ಎಂಟರಲ್ಲಿ ನಾಲ್ಕು ವರ್ಷ ಹಣ ಸಾಲದು. 50 ಸಾವಿರ ಮಾತ್ರ ಬಂದ ವರ್ಷ ಒಂಬತ್ತು ಮಕ್ಕಳಿಗೆ ಕೊಟ್ಟ ಮಾತು ತಪ್ಪುತ್ತದೆ. ಈಗ ಕೊರತೆಗೆ ಮೂರು ಪಟ್ಟು ತೂಕ ಹಾಕಿ, ಎಂಟು ವರ್ಷಗಳ ಕೊರತೆ ಮತ್ತು ಉಳಿಕೆಯನ್ನು ಕೂಡಿಸಿ ನೋಡಿ. 75 ಸಾವಿರಕ್ಕೆ ಮೊತ್ತ 260, 70ಕ್ಕೆ 220, 60ಕ್ಕೆ 180, 50ಕ್ಕೆ ಮತ್ತೆ 200. 180ಕ್ಕಿಂತ ಕಡಿಮೆ ಬರುವ ಅಂಕಿಯೇ ಇಲ್ಲ. ಆದ್ದರಿಂದ ಜೂನ್‌ನಲ್ಲಿ 60 ಸಾವಿರಕ್ಕೆ, ಅಂದರೆ 20 ಮಕ್ಕಳಿಗೆ, ಮಾತು ಕೊಡಬೇಕು. ಹೆಚ್ಚು ಬಂದರೆ ಡಿಸೆಂಬರಿನಲ್ಲಿ ಎರಡನೆಯ ಪಟ್ಟಿ. ಅತಿ ಜಿಪುಣತನವೂ ಒಳ್ಳೆಯದಲ್ಲ ಎಂಬುದನ್ನು 200 ಎಂಬ ಆ ಅಂಕಿ ತೋರಿಸುತ್ತದೆ. ಶಾಲೆ ಬಿಡುವ ಹುಡುಗಿಗೆ ಬ್ಯಾಂಕಿನಲ್ಲಿ ಬಿದ್ದಿರುವ ಹಣದಿಂದ ಪ್ರಯೋಜನವಿಲ್ಲ.

ಕೊರತೆಗೆ ಮೂರು ಪಟ್ಟು ತೂಕ ಏಕೆ, ಎರಡು ಏಕಲ್ಲ ಎಂದು ತಾವು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಗಣಿತ ಉತ್ತರ ಕೊಡದು. ಮಶ್ವರಾದಲ್ಲಿ ಚರ್ಚೆಯಾಗಬೇಕಾದದ್ದು ಇದೇ. ಪಟ್ಟಿಯಲ್ಲಿ ಹೆಸರು ನೋಡಿ, ಬೇರೆ ಕಡೆ ಸಾಲ ಕೇಳದೆ ಸುಮ್ಮನಿದ್ದು, ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ಹಣವಿಲ್ಲವೆಂದು ಕೇಳುವ ಮಗುವಿನ ಕಷ್ಟ ಎಷ್ಟು? ಜೂನ್‌ನಲ್ಲೇ ಇಲ್ಲವೆನಿಸಿಕೊಂಡ ಮಗುವಿನ ಕಷ್ಟ ಎಷ್ಟು? ಈ ಎರಡನ್ನೂ ತೂಗಿ ನೋಡುವುದು ನಮ್ಮ ಹೃದಯದ ಕೆಲಸ. ತೂಕ ನಿಗದಿಯಾದ ಮೇಲೆ ಉಳಿದದ್ದು ಲೆಕ್ಕದ ಕೆಲಸ.

ಆದ್ದರಿಂದ ಮೂರು ಸಲಹೆಗಳನ್ನು ಸಂಘದ ಮುಂದಿಡುತ್ತೇನೆ. ಒಂದು, ಅಂದಾಜನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ, ಮಾತು ಆಮೇಲೆ. ಹಿರಿಯರು ಮೊದಲು ಬಾಯಿ ತೆರೆದರೆ ಕಿರಿಯರು ತಮ್ಮ ಅಂಕಿಯನ್ನು ನುಂಗಿಕೊಳ್ಳುತ್ತಾರೆ. ಎರಡು, ಯಾವ ಮಗುವಿನ ಅರ್ಜಿಯನ್ನೂ ತೆರೆಯುವ ಮುನ್ನ ಕೊರತೆಯ ತೂಕವನ್ನು ನಿಶ್ಚಯಿಸಿ, ಅದಕ್ಕೂ ಚೀಟಿ ಬರೆದು ಮಧ್ಯಾಂಕ ತೆಗೆಯಿರಿ. ಹೆಸರು ಕಂಡ ಮೇಲೆ ತೂಕ ಬದಲಾಗುತ್ತದೆ. ಮೂರು, ಹಣ ಕಡಿಮೆಯಾದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿತ ಎಂಬ ನಿಯಮವನ್ನು ಜೂನ್‌ನಲ್ಲೇ ಬರೆದಿಟ್ಟು ಪಾಲಕರಿಗೆ ತಿಳಿಸಿರಿ. ಜಗಳ ಹುಟ್ಟುವುದು ಹೆಚ್ಚಾಗಿ ಕೊರತೆ ಬಂದ ಮೇಲೆ ನಿಯಮ ಮಾಡಹೊರಟಾಗ.

ವಿದ್ಯಾರ್ಥಿಗಳೆ, ಮಧ್ಯಾಂಕದ ಲೆಕ್ಕವನ್ನು ಕೇವಲ ಪರೀಕ್ಷೆಯ ಅಂಕಗಳಿಗಾಗಿ ಕಲಿಯಬೇಡಿ. ನಾಳೆ ಈ ಸಮಿತಿಯ ಕುರ್ಚಿಗಳಲ್ಲಿ ಕೂರುವವರು ನೀವೇ. ಎಲ್ಲರೂ ಒಂದೇ ರೀತಿ ಯೋಚಿಸಿದರೆ ಮಾತ್ರ ಒಮ್ಮತ ಎಂದು ತಿಳಿಯಬೇಡಿ. ಬೇರೆ ಬೇರೆ ಯೋಚಿಸುವವರು ಒಂದೇ ನಿಯಮಕ್ಕೆ ಮುಂಚಿತವಾಗಿ ತಲೆಬಾಗಿದರೆ ಅದೂ ಒಮ್ಮತವೇ.