ಕಂಪ್ಯೂಟರಿನ ರೋಗಿ ಮತ್ತು ನಿಮ್ಮ ಇನ್ಸುಲಿನ್



ಔಷಧಿಯ ಪರಿಣಾಮವನ್ನು ಮನುಷ್ಯರಿಗೆ ಕೊಡುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ವಿದ್ಯೆ ಬಂದಿದೆ. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಡೋವಾ ವಿಶ್ವವಿದ್ಯಾಲಯದವರು ಟೈಪ್ 1 ಸಕ್ಕರೆ ಕಾಯಿಲೆಯ 300 ಕಂಪ್ಯೂಟರ್ ರೋಗಿಗಳನ್ನು ರೂಪಿಸಿದರು. ದೊಡ್ಡವರು, ಹರೆಯದವರು, ಮಕ್ಕಳು ತಲಾ 100. ಊಟ ಅರಗುವ, ಇನ್ಸುಲಿನ್ ಕೆಲಸ ಮಾಡುವ ರೀತಿ ಒಬ್ಬೊಬ್ಬರಿಗೆ ಒಂದೊಂದು. ತಾನಾಗಿ ಇನ್ಸುಲಿನ್ ಕೊಡುವ ಯಂತ್ರದ ಲೆಕ್ಕಾಚಾರವನ್ನು ಪ್ರಾಣಿಗಳ ಬದಲು ಇವರ ಮೇಲೆಯೇ ಪರೀಕ್ಷಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಒಪ್ಪಿತು.

ಆ ರೋಗಿಯ ಸಕ್ಕರೆ 40ಕ್ಕೆ ಇಳಿದರೂ ಪ್ರಾಣ ಹೋಗುವುದಿಲ್ಲ, ಮತ್ತೆ ಲೆಕ್ಕ ಹಾಕಿದರಾಯಿತು. ನಮ್ಮದು ಹಾಗಲ್ಲ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಲಿಂಗಪೂಜೆಗೆ ಕೂತು, ಪ್ರಸಾದ ತಡವಾದರೆ ಬೆವರು, ನಡುಕ, ಕಣ್ಣಿಗೆ ಕತ್ತಲೆ. ಪೂಜೆ ಮೊದಲು ಮುಗಿಸಿರಿ. ಆಮೇಲೆ ಸೂಜಿ, ವೈದ್ಯರು ಹೇಳಿದ ಹೊತ್ತಿಗೆ ಊಟ.

ಯಂತ್ರವಾಗಲಿ ವೈದ್ಯರಾಗಲಿ, ತಿಳಿದದ್ದರ ಮೇಲೆಯೇ ಲೆಕ್ಕ ಹಾಕುವುದು. ಸೋಮವಾರದ ಉಪವಾಸ, ತಪ್ಪಿದ ಡೋಸು ಮುಚ್ಚಿಡಬೇಡಿರಿ. ವೈದ್ಯರು ಬೈಯುವುದಿಲ್ಲ, ನಾವು ಸಿಸ್ಟರುಗಳು ಸ್ವಲ್ಪ ಬೈದೇವು, ಅಷ್ಟೆ.

ಸಕ್ಕರೆ 70ಕ್ಕಿಂತ ಕೆಳಗಿಳಿದು, ಎಚ್ಚರವಿದ್ದರೆ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿರಿ.