ಒಂದೇ ರಸ್ತೆ, ಎರಡು ನೆಲೆ

ದಸರೆಯ ದೀಪಗಳು ಆರಿ, ಬೆಳಗಿನ ಮಂಜು ಚಾಮುಂಡಿ ಬೆಟ್ಟವನ್ನು ಮರೆಮಾಡುವ ಕಾಲ ಬಂತೆಂದರೆ ಮೈಸೂರಿನಲ್ಲಿ ಸ್ವೆಟರುಗಳ ಅಂಗಡಿಗಳು ಕಾಣಿಸಿಕೊಳ್ಳುತ್ತವೆ. ತಗಡಿನ ಇಲ್ಲವೇ ಬಟ್ಟೆಯ ಮಾಡು, ಸಾಲಾಗಿ ತೂಗುಹಾಕಿದ ಬಣ್ಣಬಣ್ಣದ ಉಣ್ಣೆಯ ಉಡುಪು, ಅದರ ಹಿಂದೆ ಉದ್ದನೆಯ ನಿಲುವಂಗಿ ತೊಟ್ಟು ಪಟ್ಟೆಪಟ್ಟೆಯ ಮುಂಗವುಚ ಕಟ್ಟಿದ ಹೆಂಗಸು. ಬೆಲೆಯನ್ನು ಕನ್ನಡದಲ್ಲಿಯೇ ಹೇಳುತ್ತಾಳೆ; ಚೌಕಾಶಿಗೆ ನಕ್ಕು ತಲೆಯಾಡಿಸುತ್ತಾಳೆ. ಅವಳು ಟಿಬೆಟ್ಟಿನವಳು, ಬೈಲಕುಪ್ಪೆಯಿಂದ ಬಂದವಳು ಎಂಬುದನ್ನು ನಮ್ಮಲ್ಲಿ ಅರಿಯದವರಿಲ್ಲ. ಆ ಸ್ವೆಟರು ದೂರದ ಲೂಧಿಯಾನದ್ದು ಎಂಬುದನ್ನು ಬಲ್ಲವರು ಮಾತ್ರ ಸ್ವಲ್ಪ ಕಡಿಮೆ.

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಇಲವಾಲ, ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಸುಮಾರು 80 ಕಿಲೋಮೀಟರಿನಲ್ಲಿ ಬೈಲಕುಪ್ಪೆಯನ್ನು ಮುಟ್ಟುತ್ತದೆ. ನಮ್ಮ ಪ್ರವಾಸಿಗರು ಅಲ್ಲಿ ಇಳಿದು ಬಂಗಾರದ ಬಣ್ಣದ ಬುದ್ಧ ವಿಗ್ರಹಗಳನ್ನು ನೋಡಿ ಹಿಂದಿರುಗುತ್ತಾರೆ. ರಸ್ತೆಯಾದರೋ ಅಲ್ಲಿಗೆ ನಿಲ್ಲುವುದಿಲ್ಲ. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ, ಮಡಿಕೇರಿಯನ್ನೇರಿ, ಸಂಪಾಜೆಯ ಘಟ್ಟವನ್ನಿಳಿದು ಸುಳ್ಯಕ್ಕೂ ಪುತ್ತೂರಿಗೂ ಹೋಗುತ್ತದೆ. ಆ ಸೀಮೆಯ ರಬ್ಬರ್ ತೋಟಗಳಲ್ಲಿ ಸಿಂಹಳದಿಂದ ಬಂದ ತಮಿಳರು ನೆಲಸಿದ್ದಾರೆ. ಅವರನ್ನು ನೋಡಲೆಂದು ಬಸ್ಸಿನಿಂದ ಇಳಿಯುವವರು ಯಾರೂ ಇಲ್ಲ.

ಒಂದೇ ರಸ್ತೆಯ ಮೇಲೆ, ಹೆಚ್ಚುಕಡಿಮೆ ಒಂದೇ ತಲೆಮಾರಿನ ಅವಧಿಯಲ್ಲಿ ಬಂದು ನೆಲಸಿದ ಎರಡು ಸಮುದಾಯಗಳು ಇವು. ಇಬ್ಬರದೂ ದೊಡ್ಡ ರಾಜಕೀಯದ ಅಲೆಗೆ ಸಿಕ್ಕು ಬೇರು ಕಿತ್ತುಬಂದ ಬದುಕು. ಇವರನ್ನು ಇಂದು ಒಟ್ಟಿಗೆ ನೋಡೋಣ. ಯಾರ ಕಷ್ಟ ಹೆಚ್ಚಿನದು ಎಂದು ತಕ್ಕಡಿ ಹಿಡಿದು ತೀರ್ಪು ಕೊಡುವುದಕ್ಕಲ್ಲ. ಹೊಸ ನೆಲದಲ್ಲಿ ಮನುಷ್ಯ ಬೇರೂರಬೇಕಾದರೆ ಏನೇನು ಬೇಕಾಗುತ್ತದೆ ಎಂಬುದು ಹೀಗೆ ಹೋಲಿಸಿ ನೋಡಿದಾಗ ಚೆನ್ನಾಗಿ ತಿಳಿಯುತ್ತದೆ.

ಮೊದಲು ಟಿಬೆಟ್ಟಿನವರ ಸಂಗತಿ. 1959ರ ಮಾರ್ಚಿ ತಿಂಗಳಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು ಅದನ್ನು ಚೀನೀ ಸೈನ್ಯ ಅಡಗಿಸಿತು. ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಆ ತಿಂಗಳ ಕೊನೆಗೆ ಭಾರತದ ಗಡಿಯೊಳಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರೆಂದು ಲೆಕ್ಕ. ಬಂದವರಲ್ಲಿ ಅನೇಕರು ಹಿಮಾಲಯದ ಗಡಿಯಲ್ಲಿ ರಸ್ತೆಗೆ ಕಲ್ಲು ಒಡೆಯುತ್ತಿದ್ದರು. ಇವರಿಗೆ ಭೂಮಿ ಬೇಕೆಂದು ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗೇಣಿಗೆ ಕೊಟ್ಟಿತು. 1960-61ರಲ್ಲಿ ಮೊದಲ ನೆಲೆ ಎದ್ದಿತು. ಹಿಮದ ನಾಡಿನವರಿಗೆ ಮೈಸೂರು ಸೀಮೆಯ ಬಿಸಿಲು. ಯಾಕ್ ಕಾಯ್ದವರಿಗೆ ಆನೆಯ ಕಾಟ. ಬಾರ್ಲಿ ಬೆಳೆದವರಿಗೆ ಮುಸುಕಿನ ಜೋಳದ ಬೇಸಾಯ. ಮೊದಲ ವರ್ಷಗಳಲ್ಲಿ ಕಾಡು ಕಡಿಯುವ ಶ್ರಮವೂ ರೋಗಗಳೂ ಅವರನ್ನು ಬಹಳ ಹಣ್ಣುಮಾಡಿದವು. ಆದರೂ ಊರು ನಿಂತಿತು. 1969ರಲ್ಲಿ ಅಲ್ಲಿಯೇ ಎರಡನೆಯ ನೆಲೆಯಾಯಿತು. ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳೂ ಸೇರಿ ನಮ್ಮ ರಾಜ್ಯದಲ್ಲಿ ಐದು ನೆಲೆಗಳಾದವು.

ಇನ್ನು ಸಿಂಹಳದಿಂದ ಬಂದವರ ಕತೆ ಇದಕ್ಕಿಂತ ಉದ್ದವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ತೋಟಗಾರರು ತಮಿಳು ಸೀಮೆಯ ಬಡವರನ್ನು ಸಿಂಹಳದ ಕಾಫಿ ತೋಟಗಳಿಗೆ ಕರೆದೊಯ್ದರು. 1869ರಿಂದ ಕಾಫಿ ಗಿಡಗಳಿಗೆ ಎಲೆರೋಗ ಹತ್ತಿತು. ತೋಟಗಳು ಚಹಾಕ್ಕೆ ತಿರುಗಿದವು. ಕೂಲಿಗಳು ಮಾತ್ರ ಕೂಲಿಗಳಾಗಿಯೇ ಉಳಿದರು. 1948ರಲ್ಲಿ ಸಿಂಹಳ ಸ್ವತಂತ್ರವಾದಾಗ ಹೊರಟ ಪೌರತ್ವದ ಕಾಯಿದೆ ಇವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಕೊನೆಗೆ 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಅವರು ಒಂದು ಒಪ್ಪಂದಕ್ಕೆ ಸಹಿಹಾಕಿದರು. 9,75,000 ಜನರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಂಹಳಕ್ಕೆ. ಉಳಿದ 1,50,000 ಜನರ ಮಾತು ಆಮೇಲೆ. ಆ ಉಳಿದವರನ್ನೂ 1974ರಲ್ಲಿ ಸರಿಪಾಲು ಮಾಡಿಕೊಂಡರು. ಅಣ್ಣತಮ್ಮಂದಿರು ಪಾತ್ರೆ ಪದಾರ್ಥಗಳನ್ನು ಹಂಚಿಕೊಳ್ಳುವಂತೆ ಎರಡು ಸರ್ಕಾರಗಳು ಮನುಷ್ಯರನ್ನು ಹಂಚಿಕೊಂಡವು ಎಂದರೆ ಮಾತು ಕಟುವಾಯಿತೇನೋ. ಆದರೆ ಹಂಚಿಹೋದವರಿಗೆ ಅದು ಹಾಗೆಯೇ ತೋರಿರಬೇಕು.

ತಲೈಮನ್ನಾರಿನಿಂದ ಹಡಗು, ರಾಮೇಶ್ವರದ ದಡ, ಮಂಡಪದ ಶಿಬಿರ, ಅಲ್ಲಿಂದ ಎಲ್ಲಿಗೆ ಕಳುಹಿಸಿದರೆ ಅಲ್ಲಿಗೆ. ಅಜ್ಜನೂ ತಂದೆಯೂ ಸಿಂಹಳದಲ್ಲಿಯೇ ಹುಟ್ಟಿದವರಿಗೆ 'ತಾಯ್ನಾಡಿಗೆ ಮರಳಿದವರು' ಎಂಬ ಹೆಸರು ಬಂತು. ನೀಲಗಿರಿಯ ಚಹಾ ತೋಟಗಳಿಗೆ ಕೆಲವರು, ಕೇರಳದ ರಬ್ಬರ್ ತೋಟಗಳಿಗೆ ಕೆಲವರು ಹೋದರು. ನಮ್ಮಲ್ಲಿಗೆ ಬಂದವರು ಸುಳ್ಯ ಪುತ್ತೂರು ಸೀಮೆಯ ರಬ್ಬರ್ ತೋಟಗಳಿಗೆ ಸೇರಿದರು. 1971ರಲ್ಲಿ ಸ್ಥಾಪಿತವಾದ ಅರಣ್ಯ ಅಭಿವೃದ್ಧಿ ನಿಗಮ ಈ ತೋಟಗಳ ಒಡೆತನ ವಹಿಸಿತು. 1983ರ ಗಲಭೆಗಳ ಅನಂತರ ಸಿಂಹಳದಿಂದ ಓಡಿಬಂದು ತಮಿಳುನಾಡಿನ ಶಿಬಿರಗಳನ್ನು ಸೇರಿದವರು ಬೇರೆ, ಇವರು ಬೇರೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಇಲ್ಲಿಯೇ ಇಬ್ಬರ ಬದುಕಿನ ದಾರಿ ಕವಲೊಡೆಯುತ್ತದೆ. ಟಿಬೆಟ್ಟಿನವರಿಗೆ ಸಿಕ್ಕಿದ್ದು ಭೂಮಿ. ತಮಿಳರಿಗೆ ಸಿಕ್ಕಿದ್ದು ಕೂಲಿ.

ಬೈಲಕುಪ್ಪೆಯ ಭೂಮಿ ಗೇಣಿಯದು, ಮಾರುವ ಹಕ್ಕಿಲ್ಲ, ಹೆಚ್ಚಿನ ಭಾಗ ಮಳೆಯನ್ನೇ ನಂಬಿದ್ದು. ಆದರೂ ಅದು ಭೂಮಿ. ಬೆಳೆ ಬಂದರೆ ಮನೆಗೆ ಬರುತ್ತದೆ. ಬೆಳೆ ಮುಗಿದ ತಿಂಗಳುಗಳಲ್ಲಿ ಊರೂರಿಗೆ ಹೋಗಿ ಸ್ವೆಟರು ಮಾರಬಹುದು. ಮಾರಿ ಬಂದಾಗ ಮನೆ ಅಲ್ಲಿಯೇ ಇರುತ್ತದೆ. ಹೀಗೆ ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ. ಕಾಲಕ್ರಮದಲ್ಲಿ ಸುತ್ತಲಿನ ಹಳ್ಳಿಗಳ ಕನ್ನಡದ ಬಡವರು ಅವರ ಹೊಲಗಳಿಗೂ ಮನೆಗಳಿಗೂ ಕೆಲಸಕ್ಕೆ ಹೋಗುವಂತಾಯಿತು. 'ಹೊರಗಿನಿಂದ ಬಂದವರಿಗೆ ಭೂಮಿ, ನಮಗೆ ಕೂಲಿ' ಎಂಬ ನೋವು ಅಂಥವರ ಮನಸ್ಸಿನಲ್ಲಿ ಮೂಡಿದರೆ ಆಶ್ಚರ್ಯವಿಲ್ಲ. ಅದನ್ನು ಮುಚ್ಚಿಟ್ಟು ಮಾತನಾಡುವುದೂ ಸರಿಯಲ್ಲ.

ಸುಳ್ಯದ ತೋಟದ ದಿನಚರಿ ಬೇರೆ. ರಬ್ಬರ್ ಹಾಲು ಚೆನ್ನಾಗಿ ಹರಿಯುವುದು ಬೆಳಗಿನ ತಂಪಿನಲ್ಲಿ. ಆದ್ದರಿಂದ ಗಂಡಸರೂ ಹೆಂಗಸರೂ ನಸುಕಿನಲ್ಲಿಯೇ ಎದ್ದು, ಕತ್ತಿ ಹಿಡಿದು, ಮರದಿಂದ ಮರಕ್ಕೆ ನಡೆದು ತೊಗಟೆಯಲ್ಲಿ ಓರೆಯಾಗಿ ಗೀರುತ್ತಾರೆ. ಗೀರು ಆಳವಾದರೆ ಮರಕ್ಕೆ ಗಾಯ, ಮೇಲ್ಮೇಲಾದರೆ ಹಾಲಿಲ್ಲ. ಕೈಗೆ ಅಷ್ಟು ಹದ ಬೇಕು. ಚಿಪ್ಪಿಗೆ ಸುರಿದ ಹಾಲನ್ನು ಮತ್ತೆ ಸುತ್ತಿ ಬಂದು ಕೂಡಿಸಬೇಕು. ನೆಟ್ಟ ಸಸಿ ಹಾಲು ಕೊಡಲು ಸುಮಾರು ಏಳು ವರ್ಷ. ಕೊಡುವುದು ಇಪ್ಪತ್ತೈದು ಮೂವತ್ತು ವರ್ಷ. ಮರಕ್ಕೆ ವಯಸ್ಸಾದರೆ ಅದನ್ನು ಕಡಿಯುತ್ತಾರೆ. ಗೀರಿದವನಿಗೂ ಅಷ್ಟು ಹೊತ್ತಿಗೆ ವಯಸ್ಸಾಗಿರುತ್ತದೆ. ತೋಟದ ಮಾಲೀಕರು ಕಾರ್ಮಿಕರಿಗೆ ಮನೆ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಕಟ್ಟುಮಾಡಿತು. ಒಳ್ಳೆಯ ಕಾಯಿದೆಯೇ ಸರಿ. ಆದರೆ ಹೀಗೆ ಬಂದ ಮನೆ ಮನುಷ್ಯನಿಗೆ ಅಂಟಿದ್ದಲ್ಲ, ಕೆಲಸಕ್ಕೆ ಅಂಟಿದ್ದು. ದುಡಿಮೆ ಮುಗಿದ ದಿನ ಎಲ್ಲಿಗೆ ಹೋಗಬೇಕು? ಸಿಂಹಳದ ತೋಟದ ಸಾಲುಮನೆಯಲ್ಲಿ ಇದ್ದ ಪ್ರಶ್ನೆಯೇ ಕಡಲು ದಾಟಿ ಅವರ ಹಿಂದೆ ಬಂತು. 'ಮನೆ ಕಟ್ಟಿ ನೋಡು' ಎಂದು ಗಾದೆ ಹೇಳುತ್ತದೆ. ಕಟ್ಟುವುದಕ್ಕೆ ನೆಲವೇ ಇಲ್ಲದವನು ಏನನ್ನು ಕಟ್ಟಿ ನೋಡಬೇಕು?

ಎರಡನೆಯ ವ್ಯತ್ಯಾಸ ಸಂಸ್ಥೆಗಳದು. ಟಿಬೆಟ್ಟಿನವರು ಬಂದಾಗ ತಮ್ಮ ಗುರುವನ್ನೂ ಆಡಳಿತವನ್ನೂ ಜೊತೆಗೇ ತಂದರು. ಅವರ ಮಕ್ಕಳಿಗಾಗಿ 1961ರಲ್ಲಿ ಭಾರತ ಸರ್ಕಾರ ಪ್ರತ್ಯೇಕ ಶಾಲಾಮಂಡಳಿಯನ್ನೇ ರಚಿಸಿತು. ಸಹಕಾರ ಸಂಘ, ರತ್ನಗಂಬಳಿ ನೇಯುವ ಕೇಂದ್ರ, ಆಸ್ಪತ್ರೆ, ವೃದ್ಧಾಶ್ರಮ ಒಂದೊಂದಾಗಿ ಎದ್ದವು. ಸೆರಾ, ತಾಶಿ ಲ್ಹುನ್ಪೊ, ನಾಮ್‌ಡ್ರೋಲಿಂಗ್ ಮೊದಲಾದ ಮಠಗಳು ಇಲ್ಲಿ ಮರುಜನ್ಮ ಪಡೆದವು. ಹೊರದೇಶಗಳ ನೆರವು ಬಂತು. ಟಿಬೆಟ್ಟಿನವರ ನೆಲೆಗಳಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ನಮ್ಮ ಹಳ್ಳಿಗಳ ಬಡವರ ಕೆಲಸಕ್ಕೂ ಇಳಿಯಿತು. ತಮಿಳರ ಜೊತೆಗೆ ಬಂದದ್ದಾದರೋ ಮಾರಿಯಮ್ಮನ ಗುಡಿಯೂ ಮುರುಗನ ಕಾವಡಿಯೂ ಮಾತ್ರ. ಇದ್ದ ಕಾರ್ಮಿಕ ಸಂಘಗಳು ಕೂಲಿಯ ದರಕ್ಕಾಗಿ ಹೋರಾಡಬಲ್ಲವು. ಊರು ಕಟ್ಟುವುದು ಅವುಗಳ ಅಳವಿಗೆ ಮೀರಿದ್ದು.

ಮೂರನೆಯದು ಕಾಗದ ಪತ್ರದ ಮಾತು. ಇಲ್ಲಿ ತಕ್ಕಡಿ ಹಿಂದುಮುಂದಾಗುತ್ತದೆ. ಸುಳ್ಯದ ತಮಿಳನು ಭಾರತದ ಪ್ರಜೆ. ಅವನಿಗೆ ಮತವಿದೆ, ಅವನ ಮಗ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಶಾಸನಸಭೆಗೇ ನಿಲ್ಲಬಹುದು. ಬೈಲಕುಪ್ಪೆಯ ಟಿಬೆಟಿಯನು ಕಾಯಿದೆಯ ಕಣ್ಣಿನಲ್ಲಿ ಪರದೇಶದವನು. ನೋಂದಣಿಯ ಪತ್ರವನ್ನು ಕಾಲಕಾಲಕ್ಕೆ ಹೊಸದು ಮಾಡಿಸಿಕೊಳ್ಳಬೇಕು. ತನ್ನ ಹೆಸರಿನಲ್ಲಿ ಭೂಮಿ ಕೊಳ್ಳುವಂತಿಲ್ಲ. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಗುರುತಿನ ಪುಸ್ತಕ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿ ಹೇಳಿತು. ಆದರೂ ಅನೇಕರು ಹಿಂಜರಿದರು. ಪ್ರಜೆಯಾದರೆ ನಿರಾಶ್ರಿತರ ನೆಲೆಯ ಹಕ್ಕು ಏನಾಗುವುದೋ ಎಂಬ ಅಂಜಿಕೆ ಒಂದು. ನಾವೇ ಭಾರತೀಯರಾಗಿಬಿಟ್ಟರೆ ಟಿಬೆಟ್ಟಿನ ಮಾತನ್ನು ಎತ್ತುವವರು ಯಾರು ಎಂಬ ಸಂಕಟ ಇನ್ನೊಂದು.

ಆದರೆ ಪೌರತ್ವದ ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ತೋಟದ ತಮಿಳರಲ್ಲಿ ಬಹುಮಂದಿ ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಪರಿಶಿಷ್ಟರ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಹಿರಿಯರು ಎಲ್ಲಿಯವರು ಎಂಬುದಕ್ಕೆ ಕಚೇರಿ ದಾಖಲೆ ಕೇಳುತ್ತದೆ. ಸಮುದ್ರವನ್ನು ಎರಡು ಸಲ ದಾಟಿದ ಸಂಸಾರ ನೂರು ವರ್ಷದ ಹಿಂದಿನ ಊರಿನ ದಾಖಲೆಯನ್ನು ಎಲ್ಲಿಂದ ತರಬೇಕು? ಜಾತಿ ಪತ್ರಕ್ಕಾಗಿ ಅವರು ವರ್ಷಗಟ್ಟಲೆ ಮೊರೆಯಿಟ್ಟಿದ್ದಾರೆ. ಶಾಲೆಯ ವಿದ್ಯಾರ್ಥಿವೇತನ, ಕಾಲೇಜಿನ ಜಾಗ, ಕೆಲಸ ಎಲ್ಲವೂ ಆ ಒಂದು ತುಂಡು ಕಾಗದಕ್ಕೆ ಜೋತುಬಿದ್ದಿವೆ.

ಒಟ್ಟಿನಲ್ಲಿ, ಒಬ್ಬರಿಗೆ ಊರು ಸಿಕ್ಕಿತು, ದೇಶ ಸಿಕ್ಕಲಿಲ್ಲ. ಇನ್ನೊಬ್ಬರಿಗೆ ದೇಶ ಸಿಕ್ಕಿತು, ಊರು ಸಿಕ್ಕಲಿಲ್ಲ.

ಭಾಷೆಯ ವಿಷಯದಲ್ಲಿಯೂ ಹೀಗೆಯೇ. ತಮ್ಮ ಶಾಲೆಗಳಿದ್ದುದರಿಂದ ಟಿಬೆಟ್ಟಿನ ಮಕ್ಕಳು ತಮ್ಮ ನುಡಿಯನ್ನೂ ಲಿಪಿಯನ್ನೂ ಉಳಿಸಿಕೊಂಡರು. ಆದರೆ ಕನ್ನಡ ಅವರಿಗೆ ಸಂತೆಯ ಭಾಷೆಯಾಗಿಯೇ ಉಳಿಯಿತು. ಹೊಲದಲ್ಲಿ ದುಡಿದ ಹಿರಿಯರ ಕನ್ನಡ, ಓದಿದ ಮೊಮ್ಮಕ್ಕಳ ಕನ್ನಡಕ್ಕಿಂತ ಮೇಲಾಗಿರುವುದುಂಟು. ತೋಟದ ಮಕ್ಕಳಾದರೋ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ನೆರೆಯವರೊಡನೆ ಅರೆಭಾಷೆ ಎಂದು ನಾಲ್ಕನ್ನೂ ಆಡಬಲ್ಲರು. ಕನ್ನಡದ ಶಾಲೆಯಲ್ಲಿ ಕಲಿತ ಈ ಮಕ್ಕಳನ್ನು ಇನ್ನೂ ಹೊರಗಿನವರೆನ್ನುವುದು ನಮಗೆ ಶೋಭಿಸದು.

ಈಗ ಎರಡು ಕಡೆಯೂ ಮೂರನೆಯ ತಲೆಮಾರು ಬೆಳೆದು ನಿಂತಿದೆ. ಬೈಲಕುಪ್ಪೆಯ ಯುವಕರು ಬೆಂಗಳೂರಿಗೆ, ಅಮೆರಿಕಕ್ಕೆ, ಕೆನಡಕ್ಕೆ ಹೋಗುತ್ತಿದ್ದಾರೆ. 2009ರ ಗಣತಿಯಲ್ಲಿ ಭಾರತದಲ್ಲಿ 94,203 ಟಿಬೆಟಿಯರಿದ್ದರು. ಆಮೇಲೆ ಆ ಸಂಖ್ಯೆ ಇಳಿಮುಖವಾಗಿದೆ. ಹಿರಿಯರು ಕಟ್ಟಿದ ಊರಿನಲ್ಲಿ ಮುದುಕರೂ ಭಿಕ್ಷುಗಳೂ ಉಳಿಯುತ್ತಿದ್ದಾರೆ. ಸುಳ್ಯದ ತೋಟದ ಹುಡುಗನಿಗೂ ಕತ್ತಿ ಹಿಡಿದು ಮರ ಗೀರುವ ಮನಸ್ಸಿಲ್ಲ. ಆದರೆ ಅವನ ದಾರಿ ಅಷ್ಟು ದೂರಕ್ಕೆ ಹೋಗುವುದಿಲ್ಲ. ಒಬ್ಬನು ಊರನ್ನು ಬಿಟ್ಟು ಹೋಗುತ್ತಾನೆ. ಇನ್ನೊಬ್ಬನಿಗೆ ಬಿಟ್ಟುಹೋಗಲು ತನ್ನದೆಂಬ ಊರು ಬೇಕಾಗಿದೆ.

ಒಂದು ಚಿಕ್ಕ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಬೈಲಕುಪ್ಪೆಯ ಹೊಲದ ಮುಸುಕಿನ ಜೋಳವೂ ಸುಳ್ಯದ ರಬ್ಬರ್ ಮರವೂ ಈ ನೆಲದವಲ್ಲ. ಎರಡೂ ಅಮೆರಿಕ ಖಂಡಗಳಿಂದ ಬಂದವು. ರಬ್ಬರ್ ಬೀಜ 1876ರಲ್ಲಿ ಬ್ರೆಜಿಲ್ಲಿನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಹೋಗಿ, ಅಲ್ಲಿ ಮೊಳೆತ ಸಸಿಗಳು ಹಡಗು ಹತ್ತಿ ಸಿಂಹಳಕ್ಕೆ ಬಂದವು. ಆ ಗಿಡಗಳಿಗೆ ನಾವು ಮಣ್ಣನ್ನು ಕೊಟ್ಟೆವು, ಅವು ಬೇರೂರಿದವು. ಈಗ ಅವುಗಳನ್ನು ಪರದೇಶದವೆಂದು ಯಾರೂ ಕರೆಯುವುದಿಲ್ಲ. ಮನುಷ್ಯನಿಗೂ ಬೇಕಾದದ್ದು ಅಷ್ಟೇ: ಕಾಲೂರಲು ತುಸು ನೆಲ, ಹೆಸರು ಬರೆದ ಒಂದು ಕಾಗದ, ಅವನನ್ನು ನಮ್ಮವನೆಂದು ಕಾಣುವ ನೆರೆಹೊರೆ. ಇವುಗಳಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ತಡೆಹಿಡಿದರೆ ಕೊಟ್ಟದ್ದೂ ಅರ್ಧವೇ ಆಗುತ್ತದೆ.

ಮೊದಲ ಎರಡನ್ನು ಕೊಡಬೇಕಾದವರು ಸರ್ಕಾರದವರು. ಮೂರನೆಯದು ನಮ್ಮ ನಿಮ್ಮ ಕೈಯಲ್ಲಿದೆ. ಮುಂದಿನ ಚಳಿಗಾಲದಲ್ಲಿ ಸ್ವೆಟರು ಕೊಳ್ಳುವಾಗ ಆ ಹೆಂಗಸಿನೊಡನೆ ಬೆಲೆಯ ಹೊರತು ಇನ್ನೆರಡು ಮಾತನಾಡಿರಿ. ಪಡುವಣ ರಸ್ತೆಯಲ್ಲಿ ಹೊರಟಾಗ ಬೈಲಕುಪ್ಪೆಯಲ್ಲಿ ಇಳಿಯಿರಿ. ಆದರೆ ರಸ್ತೆ ಅಲ್ಲಿಗೆ ಮುಗಿಯಿತೆಂದು ಮಾತ್ರ ತಿಳಿಯಬೇಡಿರಿ.